ಬೇರಿಂಗ್ ಸಮುದ್ರದ ತಳಕ್ಕೆ ಕಟ್ಟಿದ ಥರ್ಮಾಮೀಟರ್: ಎಂ2 ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಮುದ್ರವನ್ನು ಅಳೆಯುವ ಕೆಲಸದ ಬಗ್ಗೆ ಶಾಲೆಯಲ್ಲಿ, ಗೆಳೆಯರ ಮನೆಯಲ್ಲಿ, ಎಲ್ಲೇ ಮಾತು ಬಂದರೂ ನಾನು ಒಂದೇ ಜಾಗದ ಉದಾಹರಣೆ ಕೊಡುತ್ತೇನೆ. ಅಲಾಸ್ಕಾದ ಪಶ್ಚಿಮಕ್ಕಿರುವ ಬೇರಿಂಗ್ ಸಮುದ್ರದ ಒಂದು ಬಿಂದು ಅದು. ಹೆಸರು ಎಂ2. ಆಮೇಲೆ ಬರುವ ಪ್ರಶ್ನೆಗಳೂ ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಒಂದೇ ಕಡೆ ಬರೆದಿಟ್ಟಿದ್ದೇನೆ.

ಎಂ2 ಅಂದರೆ ಏನು? ದ್ವೀಪವಾ, ಹಡಗಾ?

ಎರಡೂ ಅಲ್ಲ. ಅದೊಂದು ಮೂರಿಂಗ್. ಸಮುದ್ರದ ತಳದಲ್ಲಿ ಭಾರವಾದ ಲಂಗರು ಕೂತಿರುತ್ತದೆ. ಅಲ್ಲಿಂದ ಮೇಲಕ್ಕೆ ಸರಪಳಿಯೋ ಕೇಬಲ್ಲೋ ಎದ್ದಿರುತ್ತದೆ. ಅದರ ಉದ್ದಕ್ಕೂ ಬೇರೆ ಬೇರೆ ಆಳದಲ್ಲಿ ಉಪಕರಣಗಳನ್ನು ಬಿಗಿದಿರುತ್ತಾರೆ. ತುದಿಯಲ್ಲಿ ತೇಲುವ ಬೋಯ್ ಇರುತ್ತದೆ, ಇಡೀ ಸರ ನೆಟ್ಟಗೆ ನಿಲ್ಲುವುದು ಅದರ ಎಳೆತದಿಂದ. ನೀರಿನಲ್ಲಿ ನಿಂತ ಹಾರದ ಹಾಗೆ ಅಂದುಕೊಳ್ಳಿ, ಹೂವಿನ ಜಾಗದಲ್ಲಿ ಸೆನ್ಸರ್‌ಗಳು.

ಎಂ2 ಇರುವ ಜಾಗದಲ್ಲಿ ಆಳ ಸುಮಾರು 70 ಮೀಟರ್. ಅಮೆರಿಕದ ಸಮುದ್ರ ಮತ್ತು ವಾತಾವರಣ ಸಂಸ್ಥೆ ನೋವಾದ ಸಿಯಾಟಲ್ ಪ್ರಯೋಗಾಲಯ ಪಿಎಂಇಎಲ್ ಇದನ್ನು ನಡೆಸುತ್ತದೆ. ಮೀನುಗಾರಿಕೆ ವಿಜ್ಞಾನಿಗಳ ಜೊತೆ ಸೇರಿ ಮಾಡುವ ಈ ಕೆಲಸಕ್ಕೆ ಇಕೋಫೋಸಿ ಎಂದು ಹೆಸರು. ಅಳತೆ ಶುರುವಾದದ್ದು 1995ರಲ್ಲಿ. ಅಂದಿನಿಂದ ಹೆಚ್ಚುಕಡಿಮೆ ನಿಲ್ಲದೆ ನಡೆದು ಬಂದಿದೆ. ನನಗೆ ಎಂ2 ಮೇಲೆ ಇಷ್ಟು ಪ್ರೀತಿ ಇರುವುದು ಆ ಕೊನೆಯ ಮಾತಿನಿಂದಾಗಿ.

ಇಷ್ಟು ದೊಡ್ಡ ಸಮುದ್ರದಲ್ಲಿ ಅದೇ ಜಾಗ ಯಾಕೆ?

ಭೂಮಿ ಸಮುದ್ರದೊಳಗೆ ಸ್ವಲ್ಪ ದೂರ ಕಡಿಮೆ ಆಳದಲ್ಲಿ ಚಾಚಿಕೊಂಡಿರುತ್ತದೆ. ಶಾಲೆಯ ಭೂಗೋಳದಲ್ಲಿ ಓದಿದ ಖಂಡಾವರಣ ಪ್ರದೇಶ ಅಂದರೆ ಇದೇ. ಬೇರಿಂಗ್ ಸಮುದ್ರದ ಪೂರ್ವ ಭಾಗದಲ್ಲಿ ಇದು 500 ಕಿಲೋಮೀಟರಿಗಿಂತ ಅಗಲ. ಬೆಂಗಳೂರಿನಿಂದ ಹೊರಟು ಹುಬ್ಬಳ್ಳಿ ದಾಟುವಷ್ಟು ದೂರ ಹೋದರೂ ಕಾಲಡಿಯ ನೀರು 200 ಮೀಟರ್ ಆಳ ಮುಟ್ಟುವುದಿಲ್ಲ!

ಈ ವಿಶಾಲ ಹಾಸು ಮೂರು ಪಟ್ಟಿಗಳಾಗಿ ಕಾಣುತ್ತದೆ. ದಡದ ಕಡೆಯದು 50 ಮೀಟರ್ ಆಳದವರೆಗೆ, ನಡುವಿನದು 50ರಿಂದ 100 ಮೀಟರ್, ಹೊರಗಿನದು ಅದಕ್ಕಿಂತ ಆಳ. ಎಂ2 ನಡುವಿನ ಪಟ್ಟಿಯಲ್ಲಿದೆ. ಅಲ್ಲಿ ಉಬ್ಬರವಿಳಿತ ಜೋರು. ಆದರೆ ನೀರು ಹೋಗಿ ಬಂದು ಮಾಡುತ್ತದೆಯೇ ಹೊರತು ಒಂದೇ ದಿಕ್ಕಿಗೆ ಸಾಗುವುದು ತುಂಬ ನಿಧಾನ. ಹಾಗಾಗಿ ಚಳಿಗಾಲದಲ್ಲಿ ಆ ನೀರಿಗೆ ಏನಾಯಿತೋ ಅದರ ಗುರುತು ಬೇಸಿಗೆಯಲ್ಲೂ ಉಳಿದಿರುತ್ತದೆ. ನೀರು ಬೇಗ ಬೇಗ ಬದಲಾಗುವ ಜಾಗದಲ್ಲಿ ಥರ್ಮಾಮೀಟರ್ ಇಟ್ಟರೆ ಹಾದು ಹೋಗುವ ನೀರಿನ ಕಥೆ ಸಿಗುತ್ತದೆ. ಇಲ್ಲಿ ಆ ಜಾಗದ್ದೇ ಕಥೆ ಸಿಗುತ್ತದೆ.

ಎಂ2 ಒಂದೇ ಅಲ್ಲ. 70 ಮೀಟರ್ ಆಳದ ಗೆರೆ ಹಿಡಿದು ವಾಯವ್ಯಕ್ಕೆ ಹೋದರೆ ಎಂ4, ಎಂ5, ಎಂ8 ಸಿಗುತ್ತವೆ. ದಕ್ಷಿಣ ಬಿಸಿಯಾಗಿ ಉತ್ತರ ತಣ್ಣಗೇ ಉಳಿದಿದೆಯಾ, ಇಲ್ಲ ಎರಡೂ ಬದಲಾಗುತ್ತಿವೆಯಾ ಎಂದು ತಿಳಿಯಬೇಕಾದರೆ ನಾಲ್ಕೂ ಬೇಕು.

ಏನೇನು ಅಳೆಯುತ್ತಾರೆ?

ಎಲ್ಲಕ್ಕಿಂತ ಮೊದಲು ಉಷ್ಣತೆ. ಮೇಲಿನಿಂದ ತಳದವರೆಗೆ ಕೆಲವೇ ಮೀಟರ್‌ಗೆ ಒಂದರಂತೆ ಸೆನ್ಸರ್ ಇರುತ್ತದೆ. ಆಮೇಲೆ ಉಪ್ಪಿನಂಶ. ಅದನ್ನು ನೇರವಾಗಿ ಅಳೆಯುವುದಿಲ್ಲ. ನೀರಿನಲ್ಲಿ ವಿದ್ಯುತ್ ಎಷ್ಟು ಸುಲಭವಾಗಿ ಹರಿಯುತ್ತದೆ ಎಂದು ನೋಡಿ ಲೆಕ್ಕ ಹಾಕುತ್ತಾರೆ.

ಪಾಚಿ ಅಳೆಯುವ ಉಪಾಯ ನನಗೆ ಬಹಳ ಇಷ್ಟ. ಉಪಕರಣ ನೀರಿಗೆ ನೀಲಿ ಬೆಳಕು ಬಿಡುತ್ತದೆ. ಸೂಕ್ಷ್ಮ ಪಾಚಿಯ ಹಸಿರು ಅಂಶ ಆ ಬೆಳಕನ್ನು ಹೀರಿ ಕೆಂಪಗೆ ಮಿನುಗುತ್ತದೆ. ಮಿನುಗು ಜಾಸ್ತಿ ಇದ್ದರೆ ಪಾಚಿ ಜಾಸ್ತಿ. ಪಾಚಿಗೆ ಗೊಬ್ಬರವಾದ ನೈಟ್ರೇಟನ್ನು ಅತಿನೇರಳೆ ಬೆಳಕಿನಿಂದ ಅಳೆಯುತ್ತಾರೆ. ಆಮ್ಲಜನಕಕ್ಕೆ ಬೇರೆ ಸೆನ್ಸರ್.

ಪ್ರವಾಹದ ವೇಗಕ್ಕೆ ಶಬ್ದ ಬಳಸುತ್ತಾರೆ. ರೈಲು ಹತ್ತಿರ ಬರುವಾಗ ಸೀಟಿ ಕೀರಲು, ದೂರ ಹೋಗುವಾಗ ಗಡಸು ಅಲ್ವಾ? ಅದೇ ತತ್ವ. ಉಪಕರಣ ಶಬ್ದ ಬಿಡುತ್ತದೆ, ನೀರಿನಲ್ಲಿ ತೇಲುವ ಕಣ ಮತ್ತು ಪುಟ್ಟ ಜೀವಿಗಳಿಗೆ ತಾಗಿ ಅದು ವಾಪಸ್ ಬರುತ್ತದೆ. ಬಂದ ಶಬ್ದದ ಸ್ವರ ಎಷ್ಟು ಬದಲಾಗಿದೆ ಎಂದು ನೋಡಿದರೆ ನೀರು ಯಾವ ಕಡೆ ಎಷ್ಟು ಜೋರಾಗಿ ಹೋಗುತ್ತಿದೆ ಎಂದು ಗೊತ್ತಾಗುತ್ತದೆ.

ಇದಲ್ಲದೆ ಸುಮ್ನೆ ಕೇಳಿಸಿಕೊಳ್ಳುವ ಉಪಕರಣಗಳೂ ಈ ಭಾಗದಲ್ಲಿವೆ. ಉತ್ತರ ಪೆಸಿಫಿಕ್‌ನ ರೈಟ್ ತಿಮಿಂಗಿಲ ಎಂಬ ಜಾತಿಯಲ್ಲಿ ಪೂರ್ವ ಭಾಗದ ಗುಂಪಿನಲ್ಲಿ ಉಳಿದಿರುವುದು ಸುಮಾರು 30 ಮಾತ್ರ. ಇಷ್ಟು ಕಡಿಮೆ ಇರುವ ಪ್ರಾಣಿಯನ್ನು ಹಡಗಿನಲ್ಲಿ ಹುಡುಕಿಕೊಂಡು ಹೋದರೆ ಕಾಣುವುದು ಅಪರೂಪ. ಅದರ ಕೂಗು ರೆಕಾರ್ಡ್ ಆದರೆ ಮಾತ್ರ ಯಾವ ತಿಂಗಳಲ್ಲಿ ಅಲ್ಲಿತ್ತು ಎಂದು ತಿಳಿಯುತ್ತದೆ.

ಚಳಿಗಾಲದಲ್ಲಿ ಸಮುದ್ರ ಹೆಪ್ಪುಗಟ್ಟಿದರೆ ಬೋಯ್ ಏನಾಗುತ್ತದೆ?

ಮೇಲೆ ತೇಲುವ ಬೋಯ್ ಅಲ್ಲೇ ಇದ್ದರೆ ಮಂಜುಗಡ್ಡೆ ಅದನ್ನು ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಎಂ2ಗೆ ಎರಡು ವೇಷ. ವಸಂತದಿಂದ ಶರತ್ಕಾಲದವರೆಗೆ ಮೇಲ್ಮೈ ಬೋಯ್ ಇರುತ್ತದೆ. ಅದರ ಮೇಲೆ ಗಾಳಿ, ಬಿಸಿಲು, ಗಾಳಿಯ ಉಷ್ಣತೆ ಅಳೆಯುವ ಸಣ್ಣ ಗೋಪುರ. ಚಳಿಗಾಲಕ್ಕೆ ಅದನ್ನು ತೆಗೆದು ಪೂರ್ತಿ ನೀರೊಳಗೇ ಇರುವ ಮೂರಿಂಗ್ ಹಾಕುತ್ತಾರೆ. ಅದರ ತುದಿ ಮೇಲ್ಮೈಯಿಂದ ಸುಮಾರು 10 ಮೀಟರ್ ಕೆಳಗೆ ನಿಲ್ಲುತ್ತದೆ. ಮಂಜುಗಡ್ಡೆ ತಲೆಯ ಮೇಲೆ ಹಾದು ಹೋಗುತ್ತದೆ, ಕೆಳಗೆ ಅಳತೆ ನಡೆಯುತ್ತಲೇ ಇರುತ್ತದೆ.

ಇದರಿಂದ ಒಂದು ನಷ್ಟ ಇದೆ. ಮೇಲಿನ 10 ಮೀಟರ್ ನೀರಿನಲ್ಲಿ ಚಳಿಗಾಲದಲ್ಲಿ ಏನಾಯಿತು ಎಂದು ಈ ಮೂರಿಂಗ್ ಹೇಳಲಾರದು. ಆ ತೂತು ಮುಚ್ಚಲು ಪಿಎಂಇಎಲ್‌ನವರು ಪಾಪ್-ಅಪ್ ಫ್ಲೋಟ್ ಎಂಬ ಪುಟ್ಟ ಉಪಕರಣ ಮಾಡಿದ್ದಾರೆ. ಶರತ್ಕಾಲದಲ್ಲಿ ಅದನ್ನು ತಳಕ್ಕೆ ಬಿಡುತ್ತಾರೆ. ಅದು ಚಳಿಗಾಲವಿಡೀ ಅಲ್ಲೇ ಕೂತು, ಮೊದಲೇ ನಿಗದಿ ಮಾಡಿದ ದಿನ ಲಂಗರು ಬಿಟ್ಟು ಮೇಲೇಳುತ್ತದೆ, ಮಂಜುಗಡ್ಡೆಯ ಹೊಟ್ಟೆಗೆ ಅಂಟಿ ನಿಂತು ಅಲ್ಲಿಂದ ಅಳೆಯುತ್ತದೆ. ಗಡ್ಡೆ ಕರಗಿದ ಮೇಲೆ ಉಪಗ್ರಹಕ್ಕೆ ಎಲ್ಲ ಕಳಿಸುತ್ತದೆ.

70 ಮೀಟರ್ ಕೆಳಗಿರುವುದನ್ನು ವಾಪಸ್ ಹೇಗೆ ತೆಗೆಯುತ್ತಾರೆ?

ಲಂಗರಿನ ಸ್ವಲ್ಪ ಮೇಲೆ ಒಂದು ಕೊಂಡಿ ಇರುತ್ತದೆ. ಅದು ಶಬ್ದಕ್ಕೆ ಕಿವಿಗೊಡುವ ಕೊಂಡಿ. ಹಡಗು ಜಾಗಕ್ಕೆ ಬಂದು ನೀರಿನೊಳಗೆ ಗೊತ್ತುಮಾಡಿದ ಸಂಕೇತ ಕಳಿಸುತ್ತದೆ. ಕೊಂಡಿ "ಇದ್ದೇನೆ" ಎಂದು ಶಬ್ದದಲ್ಲೇ ಉತ್ತರ ಕೊಡುತ್ತದೆ. ಉತ್ತರ ಬರಲು ಹಿಡಿದ ಹೊತ್ತಿನಿಂದ ದೂರ ಗೊತ್ತಾಗುತ್ತದೆ. ಆಮೇಲೆ ಬಿಡುಗಡೆಯ ಸಂಕೇತ. ಕೊಂಡಿ ತೆರೆಯುತ್ತದೆ, ಲಂಗರು ತಳದಲ್ಲೇ ಉಳಿಯುತ್ತದೆ, ಉಳಿದದ್ದೆಲ್ಲ ಮೇಲೆ ಬರುತ್ತದೆ. ಅಲ್ಲೇ ಬಿಟ್ಟು ಬರಬೇಕಲ್ಲ, ಅದಕ್ಕೆ ಲಂಗರಾಗಿ ಎಷ್ಟೋ ಕಡೆ ರೈಲಿನ ಹಳೆಯ ಗಾಲಿಗಳನ್ನು ಬಳಸುತ್ತಾರೆ. ಭಾರವಾಗಿರುತ್ತವೆ, ಗುಜರಿಯಲ್ಲಿ ಸಿಗುತ್ತವೆ.

ಕೆಲವೊಮ್ಮೆ ಉತ್ತರವೇ ಬರುವುದಿಲ್ಲ. ಬ್ಯಾಟರಿ ಸತ್ತಿರಬಹುದು, ಮೀನಿನ ಬಲೆ ಇಡೀ ಸರವನ್ನು ಎಳೆದುಕೊಂಡು ಹೋಗಿರಬಹುದು. ಆಗ ಕೊಕ್ಕೆ ಕಟ್ಟಿದ ಹಗ್ಗ ಬಿಟ್ಟು ತಳವನ್ನು ಎಳೆದು ಹುಡುಕುತ್ತಾರೆ. ಸಿಕ್ಕರೆ ಸಿಕ್ಕಿತು. ಸಿಗದಿದ್ದರೆ ಉಪಕರಣದ ದುಡ್ಡು ಹೋಗುವುದಕ್ಕಿಂತ ಆ ಆರು ತಿಂಗಳು ಹೋಯಿತಲ್ಲ ಎನ್ನುವುದೇ ದೊಡ್ಡ ಸಂಕಟ. ಹೊಸ ಉಪಕರಣ ಕೊಳ್ಳಬಹುದು, ಕಳೆದ ಚಳಿಗಾಲವನ್ನು ಎಲ್ಲಿಂದ ತರುವುದು?

ಉಪಗ್ರಹ ಇರುವಾಗ ಇಷ್ಟೆಲ್ಲ ಕಷ್ಟ ಯಾಕೆ?

ಉಪಗ್ರಹ ನೋಡುವುದು ನೀರಿನ ಚರ್ಮವನ್ನು ಮಾತ್ರ. ಬೇರಿಂಗ್ ಸಮುದ್ರದ ಮೇಲೆ ಬೇಸಿಗೆಯಲ್ಲಿ ಮೋಡ, ಮಂಜು ಜಾಸ್ತಿ, ಹಾಗಾಗಿ ಅದೂ ಎಷ್ಟೋ ದಿನ ಕಾಣುವುದಿಲ್ಲ. ಮೇಲೆ 10 ಡಿಗ್ರಿ ಇರುವಾಗ ತಳದಲ್ಲಿ 1 ಡಿಗ್ರಿ ಇರಬಹುದು. ಇಲ್ಲಿನ ಮೀನುಗಾರರು ಹಿಡಿಯುವ ಏಡಿ ಇರುವುದು ತಳದಲ್ಲಿ.

ಪ್ರಪಂಚದ ಸಾಗರಗಳಲ್ಲಿ ಓಡಾಡುವ ಆರ್ಗೋ ಫ್ಲೋಟ್‌ಗಳು ಸಾಮಾನ್ಯವಾಗಿ 1,000 ಮೀಟರ್ ಆಳದಲ್ಲಿ ತೇಲಿ, 2,000 ಮೀಟರ್‌ವರೆಗೆ ಇಳಿದು, ಮೇಲೆ ಬರುವಂಥವು. 70 ಮೀಟರ್ ನೀರು ಅವಕ್ಕೆ ಸಾಲದು. ಗಾಳಿಯಿಂದ ಓಡುವ ಸೈಲ್‌ಡ್ರೋನ್ ಎಂಬ ಚಾಲಕರಿಲ್ಲದ ದೋಣಿಗಳನ್ನು 2015ರಿಂದ ಇಲ್ಲಿ ಬಳಸಿದ್ದಾರೆ. ಅವು ವಿಶಾಲ ಪ್ರದೇಶ ಸುತ್ತುತ್ತವೆ, ಆದರೆ ಚಳಿಗಾಲದಲ್ಲಿ ಮಂಜುಗಡ್ಡೆಯ ನಡುವೆ ನಿಲ್ಲಲಾರವು.

"ತಣ್ಣೀರ ಕೊಳ" ಎಂದು ಓದಿದೆ. ಸಮುದ್ರದೊಳಗೆ ಕೊಳ ಹೇಗೆ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಬೇರಿಂಗ್ ಸಮುದ್ರದ ಬದುಕಿನ ಬೀಗದ ಕೈ ಇದು.

ಚಳಿಗಾಲದಲ್ಲಿ ಉತ್ತರದಿಂದ ಗಾಳಿ ಬೀಸುತ್ತದೆ. ಅಲ್ಲಿ ಹುಟ್ಟಿದ ಮಂಜುಗಡ್ಡೆಯನ್ನು ದಕ್ಷಿಣಕ್ಕೆ ದೂಡುತ್ತದೆ. ಗಡ್ಡೆಯ ಅಂಚು ಬೆಚ್ಚಗಿನ ನೀರಿಗೆ ಬಂದಾಗ ಕರಗುತ್ತದೆ. ಕರಗುತ್ತ ಆ ನೀರನ್ನೂ ತಣ್ಣಗೆ ಮಾಡುತ್ತದೆ. ಗಾಳಿ ಮತ್ತು ಉಬ್ಬರವಿಳಿತ ಸೇರಿ ಮೇಲಿನಿಂದ ತಳದವರೆಗೆ ಎಲ್ಲ ಕಲಸಿಬಿಡುತ್ತವೆ. ಆಗ ಎಂ2ನ ಎಲ್ಲ ಸೆನ್ಸರ್‌ಗಳೂ ಹೆಚ್ಚುಕಡಿಮೆ ಒಂದೇ ಉಷ್ಣತೆ ತೋರಿಸುತ್ತವೆ. ಅತಿ ತಂಪಿನ ವರ್ಷಗಳಲ್ಲಿ ಅದು ಉಪ್ಪುನೀರು ಹೆಪ್ಪುಗಟ್ಟುವ ಮಟ್ಟ, ಅಂದರೆ ಸೊನ್ನೆಗಿಂತ ಸುಮಾರು 1.7 ಡಿಗ್ರಿ ಕೆಳಗೆ.

ವಸಂತ ಬರುತ್ತದೆ. ಕರಗಿದ ಮಂಜುಗಡ್ಡೆಯ ನೀರಿನಲ್ಲಿ ಉಪ್ಪು ಕಡಿಮೆ, ಹಗುರ, ಮೇಲೇ ನಿಲ್ಲುತ್ತದೆ. ಬಿಸಿಲು ಅದನ್ನು ಕಾಯಿಸಿ ಇನ್ನೂ ಹಗುರ ಮಾಡುತ್ತದೆ. ಮೇ, ಜೂನ್ ಹೊತ್ತಿಗೆ ನೀರು ಎರಡು ಪದರವಾಗುತ್ತದೆ. ಮೇಲಿನದು ಗಾಳಿ ಕಲಸುವ ಬೆಚ್ಚನೆ ಪದರ. ಕೆಳಗಿನದು ಉಬ್ಬರವಿಳಿತ ಕಲಸುವ ತಣ್ಣನೆ ಪದರ. ಎರಡರ ನಡುವೆ ಮುಚ್ಚಳ ಹಾಕಿದಂತೆ. ಮೇಲಿನ ಬಿಸಿ ಕೆಳಗಿಳಿಯುವುದೇ ಇಲ್ಲ ಎನ್ನುವಷ್ಟು ನಿಧಾನ. ಹಾಗಾಗಿ ಆಗಸ್ಟ್‌ನಲ್ಲೂ ತಳದಲ್ಲಿ ಜನವರಿಯ ಚಳಿ ಉಳಿದಿರುತ್ತದೆ. ಮಣ್ಣಿನ ಮಡಕೆಯಲ್ಲಿಟ್ಟ ನೀರು ಮಧ್ಯಾಹ್ನವೂ ತಣ್ಣಗಿರುವ ಹಾಗಲ್ಲ ಇದು, ರಾತ್ರಿ ತುಂಬಿಸಿ ಬಿಗಿಯಾಗಿ ಮುಚ್ಚಿಟ್ಟ ಫ್ಲಾಸ್ಕಿನ ಹಾಗೆ.

ಬೇಸಿಗೆಯಲ್ಲಿ ತಳದ ನೀರು 2 ಡಿಗ್ರಿಗಿಂತ ಕೆಳಗಿರುವ ಈ ಪ್ರದೇಶವೇ ತಣ್ಣೀರ ಕೊಳ. ಚಳಿಗಾಲದಲ್ಲಿ ಮಂಜುಗಡ್ಡೆ ಎಷ್ಟು ದಕ್ಷಿಣಕ್ಕೆ ಬಂದಿತ್ತು ಎನ್ನುವುದರ ಮೇಲೆ ಆ ವರ್ಷದ ಕೊಳದ ಗಾತ್ರ ನಿಲ್ಲುತ್ತದೆ. ಪೊಲಾಕ್ ಮತ್ತು ಕಾಡ್ ಮೀನುಗಳು ಅಷ್ಟು ತಣ್ಣಗಿನ ನೀರಿಗೆ ಹೋಗಲು ಹಿಂದೇಟು ಹಾಕುತ್ತವೆ. ಎಳೆಯ ಸ್ನೋ ಏಡಿಗಳಿಗೆ ಅದೇ ಆಸರೆ, ತಿನ್ನಲು ಬರುವವರು ಕಡಿಮೆ. ಕೊಳ ದೊಡ್ಡದಿದ್ದರೆ ಬೇಲಿ ಇದ್ದಂತೆ. ಇಲ್ಲದಿದ್ದರೆ ಬೇಲಿ ಕಿತ್ತಂತೆ.

ಈ ಸಮುದ್ರದ ಮೀನಿಗೆ ಇಷ್ಟು ಮಹತ್ವ ಯಾಕೆ?

ಪೊಲಾಕ್ ಮೀನುಗಾರಿಕೆ ಜಗತ್ತಿನ ಅತಿ ದೊಡ್ಡ ಮೀನುಗಾರಿಕೆಗಳಲ್ಲಿ ಒಂದು. ಹೋಟೆಲಿನ ಮೀನು ಬರ್ಗರ್, ಅಂಗಡಿಯ ಕ್ರ್ಯಾಬ್ ಸ್ಟಿಕ್, ಎಷ್ಟೋ ಕಡೆ ಒಳಗಿರುವುದು ಇದೇ. ಬೇರಿಂಗ್ ಸಮುದ್ರ ಮತ್ತು ಅಲ್ಯೂಷಿಯನ್ ದ್ವೀಪಗಳ ಪ್ರದೇಶದಲ್ಲಿ ತಳದ ಮೀನುಗಳೆಲ್ಲ ಸೇರಿ ವರ್ಷಕ್ಕೆ 20 ಲಕ್ಷ ಟನ್ ಮೀರಬಾರದು ಎಂಬ ಮಿತಿ ಇದೆ. ಮುಂದಿನ ವರ್ಷ ಎಷ್ಟು ಹಿಡಿಯಬಹುದು ಎಂದು ಪ್ರತಿ ವರ್ಷ ಲೆಕ್ಕ ಹಾಕುತ್ತಾರೆ. ಆ ಲೆಕ್ಕಕ್ಕೆ ನೀರಿನ ಸ್ಥಿತಿ ಗೊತ್ತಿರಲೇಬೇಕು.

ಇಷ್ಟು ವರ್ಷ ಅಳೆದು ಏನು ಸಿಕ್ಕಿತು?

ಈ ಪ್ರಶ್ನೆಗೆ ನನ್ನ ಉತ್ತರ ಉದ್ದ, ಕ್ಷಮಿಸಿ.

ಮೊದಲ ಕೆಲವು ವರ್ಷ ಅಳತೆಗಳು ಏನನ್ನೂ ದೊಡ್ಡದಾಗಿ ಹೇಳಲಿಲ್ಲ. ಒಂದು ವರ್ಷ ಬೆಚ್ಚಗೆ, ಇನ್ನೊಂದು ತಣ್ಣಗೆ. 1997ರ ಬೇಸಿಗೆಯಲ್ಲಿ ಮಾತ್ರ ಎಲ್ಲರೂ ಬೆಚ್ಚಿದರು. ನೀರು ಹಾಲು ಬೆರೆಸಿದ ಹಸಿರುನೀಲಿಯಾಯಿತು. ಸುಣ್ಣದ ಚಿಪ್ಪಿರುವ ಸೂಕ್ಷ್ಮ ಪಾಚಿ ವಿಪರೀತ ಬೆಳೆದಿತ್ತು. ಶಿಯರ್‌ವಾಟರ್ ಎಂಬ ಕಡಲಹಕ್ಕಿಗಳು ಹಸಿವಿನಿಂದ ದೊಡ್ಡ ಸಂಖ್ಯೆಯಲ್ಲಿ ಸತ್ತವು.

2002ರಲ್ಲಿ ಜಾರ್ಜ್ ಹಂಟ್ ಎಂಬ ವಿಜ್ಞಾನಿ ಮತ್ತು ಸಹೋದ್ಯೋಗಿಗಳು ಒಂದು ವಿವರಣೆ ಮುಂದಿಟ್ಟರು. ಮಂಜುಗಡ್ಡೆ ತಡವಾಗಿ ಕರಗುವ ವರ್ಷದಲ್ಲಿ ಪಾಚಿ ಬೇಗ, ತಣ್ಣೀರಿನಲ್ಲೇ ಅರಳುತ್ತದೆ. ಅದನ್ನು ತಿನ್ನುವ ಪುಟ್ಟ ಜೀವಿಗಳು ಚಳಿಯಲ್ಲಿ ನಿಧಾನವಾಗಿ ಬೆಳೆಯುತ್ತವೆ, ಮೀನಿನ ಮರಿಗೆ ಊಟ ಕಡಿಮೆ. ಬೆಚ್ಚನೆ ವರ್ಷದಲ್ಲಿ ಪಾಚಿ ಮೇ, ಜೂನ್‌ನಲ್ಲಿ ಬೆಚ್ಚನೆ ನೀರಿನಲ್ಲಿ ಅರಳುತ್ತದೆ, ಮರಿಗಳಿಗೆ ಊಟ ಜಾಸ್ತಿ. ಅಂದರೆ ಬೆಚ್ಚನೆ ವರ್ಷ ಪೊಲಾಕ್‌ಗೆ ಒಳ್ಳೆಯದು. ಕೇಳಲು ಸರಿಯಾಗೇ ಇದೆ, ಅಲ್ವಾ?

ಆಮೇಲೆ ಸಮುದ್ರವೇ ಪರೀಕ್ಷೆ ಇಟ್ಟಿತು. ವರ್ಷ ಬಿಟ್ಟು ವರ್ಷ ಬದಲಾಗುವುದು ನಿಂತು, ಗುಂಪು ಗುಂಪಾಗಿ ಬರತೊಡಗಿತು. 2001ರಿಂದ 2005ರವರೆಗೆ ಸಾಲಾಗಿ ಬೆಚ್ಚನೆ ವರ್ಷಗಳು. ಬೇಸಿಗೆಯಲ್ಲಿ ಪೊಲಾಕ್ ಮರಿಗಳು ಬೇಕಾದಷ್ಟು ಕಂಡವು. ಆದರೆ ಚಳಿಗಾಲ ದಾಟಿ ಉಳಿದವು ಕಡಿಮೆ. ಹುಡುಕಿದಾಗ ಕಾರಣ ಗೊತ್ತಾಯಿತು. ಬೆಚ್ಚನೆ ನೀರಿನಲ್ಲಿ ಕೋಪೆಪಾಡ್ ಎಂಬ ಪುಟ್ಟ ತೇಲುಜೀವಿಗಳಲ್ಲಿ ದೊಡ್ಡ ಗಾತ್ರದ, ಕೊಬ್ಬು ತುಂಬಿದವು ಅಪರೂಪವಾಗಿದ್ದವು. ಮರಿಗಳು ಹೊಟ್ಟೆ ತುಂಬ ತಿಂದರೂ ಮೈಯಲ್ಲಿ ಕೊಬ್ಬು ಕೂಡಲಿಲ್ಲ. ಕೊಬ್ಬಿಲ್ಲದ ಮರಿ ಚಳಿಗಾಲ ದಾಟುವುದಿಲ್ಲ. 2007ರಿಂದ 2013ರವರೆಗೆ ತಂಪು ವರ್ಷಗಳು ಬಂದವು, ದಪ್ಪ ಕೋಪೆಪಾಡ್‌ಗಳು ಮರಳಿದವು, ಕೊಬ್ಬಿದ ಮರಿಗಳೂ ಮರಳಿದವು. 2011ರಲ್ಲಿ ಹಂಟ್ ಮತ್ತು ಜೊತೆಗಾರರು ತಮ್ಮದೇ ವಿವರಣೆಯನ್ನು ತಿದ್ದಿ ಬರೆದರು.

ಇಲ್ಲೊಂದು ಲೆಕ್ಕ ನೋಡಿ. 2000ದಲ್ಲಿ ಅಳತೆ ನಿಲ್ಲಿಸಿದ್ದರೆ ಮೊದಲ ವಿವರಣೆಯೇ ಪಾಠವಾಗಿ ಉಳಿಯುತ್ತಿತ್ತು. ಸಮುದ್ರ ಬಿಸಿಯಾದರೆ ಪೊಲಾಕ್‌ಗೆ ಲಾಭ ಎಂದು ಎಲ್ಲರೂ ನೆಮ್ಮದಿಯಾಗಿ ಇರುತ್ತಿದ್ದರು. ಒಂದು ಸಂಶೋಧನಾ ಯೋಜನೆಗೆ ಹಣ ಸಿಗುವುದು ಸಾಮಾನ್ಯವಾಗಿ ಮೂರು ವರ್ಷಕ್ಕೋ ಐದು ವರ್ಷಕ್ಕೋ. ಈ ಪ್ರಶ್ನೆಗೆ ಉತ್ತರ ಸಿಗಲು ಹದಿನೈದು ವರ್ಷ ಬೇಕಾಯಿತು.

ಸ್ನೋ ಏಡಿಗಳು ಮಾಯವಾದವು ಎಂಬ ಸುದ್ದಿ ನಿಜವಾ?

ನಿಜ. ಸುಮಾರು 1,000 ಕೋಟಿ ಏಡಿಗಳು ಕಾಣೆಯಾದವು.

2014ರಿಂದ ಮತ್ತೆ ಬೆಚ್ಚನೆ ವರ್ಷಗಳು. 2017-18ರ ಚಳಿಗಾಲದಲ್ಲಿ ಬೇರಿಂಗ್ ಸಮುದ್ರದ ಮಂಜುಗಡ್ಡೆ ಹಿಂದೆಂದೂ ದಾಖಲಾಗದಷ್ಟು ಕಡಿಮೆ ಆಯಿತು. ದಕ್ಷಿಣದ ಗಾಳಿ ಗಡ್ಡೆಯನ್ನು ಕೆಳಗೆ ಬರಲೇ ಬಿಡಲಿಲ್ಲ. 2018ರ ಬೇಸಿಗೆಯಲ್ಲಿ ತಣ್ಣೀರ ಕೊಳ ಇಲ್ಲವೇ ಇಲ್ಲ ಎನ್ನುವಷ್ಟು ಕುಗ್ಗಿತ್ತು. ಫಿಲ್ಲಿಸ್ ಸ್ಟಬೀನೊ ಎಂಬ ವಿಜ್ಞಾನಿ ದಶಕಗಳ ಕಾಲ ಈ ಮೂರಿಂಗ್‌ಗಳ ಹಿಂದೆ ದುಡಿದವರು. ಆ ವರ್ಷ ಎಷ್ಟು ವಿಪರೀತ ಎಂದು ಅವರೂ ಜೊತೆಗಾರರೂ ಹೇಳಲು ಸಾಧ್ಯವಾದದ್ದು ಹಿಂದಿನ ಎರಡು ದಶಕದ ಅಳತೆ ಕೈಯಲ್ಲಿದ್ದುದರಿಂದ. ಹಿಂದಿನದು ಗೊತ್ತಿಲ್ಲದೆ "ವಿಪರೀತ" ಎಂಬ ಪದಕ್ಕೆ ಅರ್ಥವೇ ಇಲ್ಲ.

ಅದೇ 2018ರಲ್ಲಿ ಎಳೆಯ ಏಡಿಗಳು ಭಾರಿ ಸಂಖ್ಯೆಯಲ್ಲಿದ್ದವು. ಎಲ್ಲರಿಗೂ ಖುಷಿ. 2019ರಲ್ಲಿ ಕಡಿಮೆ ಕಂಡವು. 2020ರಲ್ಲಿ ಕೋವಿಡ್‌ನಿಂದ ವಾರ್ಷಿಕ ಬಲೆ ಸಮೀಕ್ಷೆ, ಅಂದರೆ ಬಲೆ ಎಳೆದು ಮೀನು, ಏಡಿ ಎಣಿಸುವ ಕೆಲಸ, ನಡೆಯಲಿಲ್ಲ. 2021ರಲ್ಲಿ ಬಲೆ ಎಳೆದಾಗ ಏಡಿಗಳೇ ಇಲ್ಲ. ಹಿಡಿಯುವ ಮಿತಿ ಒಂದೇ ವರ್ಷದಲ್ಲಿ ಸುಮಾರು 20,000 ಟನ್‌ನಿಂದ 2,500 ಟನ್‌ಗೆ ಇಳಿಯಿತು. 2022ರ ಅಕ್ಟೋಬರ್‌ನಲ್ಲಿ ಸ್ನೋ ಏಡಿ ಮೀನುಗಾರಿಕೆಯನ್ನೇ ಮುಚ್ಚಿದರು, ಹಾಗೆ ಆದದ್ದು ಅದೇ ಮೊದಲು. ಏಡಿಯ ವಹಿವಾಟನ್ನು ನಂಬಿದ್ದ ಸೇಂಟ್ ಪಾಲ್ ಎಂಬ ಪುಟ್ಟ ದ್ವೀಪದ ಊರಿಗೆ ಅದು ದೊಡ್ಡ ಹೊಡೆತ.

2023ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಅವು ಹಸಿವಿನಿಂದ ಸತ್ತಿರುವ ಸಾಧ್ಯತೆಯೇ ಹೆಚ್ಚು. ನೀರು 0 ಡಿಗ್ರಿಯಿಂದ 3 ಡಿಗ್ರಿಗೆ ಏರಿದರೆ ಏಡಿಗೆ ಬೇಕಾದ ಆಹಾರ ಸುಮಾರು ಎರಡು ಪಟ್ಟಾಗುತ್ತದೆ. ಏಡಿಗಳೋ ಕಿಕ್ಕಿರಿದಿದ್ದವು. ನಮಗೆ 3 ಡಿಗ್ರಿ ಅಂದರೆ ಫ್ಯಾನ್ ಒಂದು ನಂಬರ್ ಜಾಸ್ತಿ ಮಾಡುವ ಮಾತು. ಅವಕ್ಕೆ ಅದು ಸಾವು ಬದುಕಿನ ಮಾತಾಯಿತು.

ಬಲೆ ಸಮೀಕ್ಷೆ ಇದ್ದ ಮೇಲೆ ಮೂರಿಂಗ್ ಯಾಕೆ? ಎರಡೂ ಒಂದೇ ಅಲ್ವಾ?

ಅಲ್ಲ. ಬಲೆ ಸಮೀಕ್ಷೆ 1982ರಿಂದ ಒಂದೇ ರೀತಿಯ ಬಲೆಯಲ್ಲಿ, ಚೌಕ ಚೌಕವಾಗಿ ಗುರುತಿಸಿದ 350ಕ್ಕೂ ಹೆಚ್ಚು ಜಾಗಗಳಲ್ಲಿ ನಡೆಯುತ್ತದೆ. ಅದು ಅಗಲ ತೋರಿಸುತ್ತದೆ, ಆದರೆ ಬೇಸಿಗೆಯಲ್ಲಿ ಮಾತ್ರ, ಪ್ರತಿ ಜಾಗದಲ್ಲೂ ಒಂದೇ ಸಲ. ಮೂರಿಂಗ್ ಒಂದೇ ಜಾಗದಲ್ಲಿ ನಿಂತು ಹಗಲು ರಾತ್ರಿ, ಬಿರುಗಾಳಿಯಲ್ಲೂ ಅಳೆಯುತ್ತದೆ. ಒಂದು ಊರಿನ ಫೋಟೋ, ಇನ್ನೊಂದು ಒಂದೇ ಮನೆಯ ದಿನಚರಿ.

ಉಪಕರಣ ಸುಳ್ಳು ಹೇಳಿದರೆ?

ಹೇಳುತ್ತದೆ! ಅದಕ್ಕೇ ನೀರಿಗೆ ಹಾಕುವ ಮೊದಲೂ ತೆಗೆದ ಮೇಲೂ ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ನಡುವಿನ ತಿಂಗಳುಗಳಲ್ಲಿ ಎಷ್ಟು ಜಾರಿದೆ ಎಂದು ನೋಡಿ ಲೆಕ್ಕ ಸರಿಪಡಿಸುತ್ತಾರೆ. ಮೂರಿಂಗ್ ಹಾಕುವಾಗ, ತೆಗೆಯುವಾಗ ಹಡಗಿನಿಂದಲೂ ಪಕ್ಕದಲ್ಲೇ ಉಪಕರಣ ಇಳಿಸಿ ನೀರು ತುಂಬಿಕೊಂಡು ಬಂದು ಹೋಲಿಸುತ್ತಾರೆ. ಬೆಳಕಿನ ಸೆನ್ಸರ್‌ಗಳ ಗಾಜಿನ ಮೇಲೆ ಪಾಚಿ ಬೆಳೆಯುವುದು ದೊಡ್ಡ ತಲೆನೋವು. ತಣ್ಣೀರಿನಲ್ಲಿ ನಮ್ಮ ಕಡಲಿಗಿಂತ ಕಡಿಮೆ, ಆದರೂ ಬೆಳೆಯುತ್ತದೆ. ತಾಮ್ರ ಇದ್ದರೆ ಅಂಟುವ ಜೀವಿಗಳು ಹತ್ತಿರ ಬರುವುದಿಲ್ಲ, ಹಾಗಾಗಿ ತಾಮ್ರದ ಕವಚ ಹಾಕುತ್ತಾರೆ.

ಇನ್ನೊಂದು ಸೂಕ್ಷ್ಮ ಇದೆ. ಮೂವತ್ತು ವರ್ಷದಲ್ಲಿ ಉಪಕರಣಗಳ ಮಾದರಿ ಬದಲಾಗುತ್ತದೆ. ಹಳೆಯದೂ ಹೊಸದೂ ಒಂದೇ ನೀರನ್ನು ಒಂದೇ ಥರ ಅಳೆಯುತ್ತವಾ ಎಂದು ಸ್ವಲ್ಪ ಕಾಲ ಜೊತೆಯಲ್ಲೇ ಇಟ್ಟು ನೋಡಬೇಕು. ಇಲ್ಲದಿದ್ದರೆ ಸಮುದ್ರ ಬಿಸಿಯಾಯಿತಾ, ಥರ್ಮಾಮೀಟರ್ ಬದಲಾಯಿತಾ ಎಂಬ ಅನುಮಾನ ಕೊನೆಯವರೆಗೂ ಉಳಿಯುತ್ತದೆ. ಬೇಜಾರು ತರುವ ಕೆಲಸ ಇದು, ಯಾರೂ ಚಪ್ಪಾಳೆ ತಟ್ಟುವುದಿಲ್ಲ. ಈ ಕೆಲಸ ಮಾಡುವವರ ಬಗ್ಗೆ ನನಗೆ ತುಂಬ ಗೌರವ.

ಭಾರತಕ್ಕೆ ಇಂಥದ್ದು ಇದೆಯಾ?

ಇದೆ. ತಣ್ಣೀರಿನಲ್ಲೇ ಒಂದಿದೆ. ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಸಮೂಹದಲ್ಲಿ ನೀ-ಓಲೆಸುಂಡ್ ಎಂಬ ಊರಿದೆ. ಅಲ್ಲಿ 2008ರಿಂದ ಭಾರತದ ಹಿಮಾದ್ರಿ ಸಂಶೋಧನಾ ಕೇಂದ್ರ ಇದೆ. ಅದರ ಪಕ್ಕದ ಕೋಂಗ್ಸ್‌ಫಿಯೋರ್ಡನ್ ಕೊಲ್ಲಿಯಲ್ಲಿ 2014ರ ಜುಲೈನಲ್ಲಿ ಇಂಡಾರ್ಕ್ ಎಂಬ ಮೂರಿಂಗನ್ನು ಸುಮಾರು 190 ಮೀಟರ್ ಆಳದಲ್ಲಿ ಇಳಿಸಿದರು. ಗೋವಾದ ಧ್ರುವ ಸಂಶೋಧನಾ ಕೇಂದ್ರ ಮತ್ತು ಚೆನ್ನೈನ ಸಾಗರ ತಂತ್ರಜ್ಞಾನ ಸಂಸ್ಥೆ ಸೇರಿ ಮಾಡಿದ್ದು. ಅಟ್ಲಾಂಟಿಕ್‌ನ ಬೆಚ್ಚನೆ ನೀರು ಆರ್ಕ್ಟಿಕ್‌ಗೆ ನುಗ್ಗುವುದನ್ನು ಅದು ನೋಡುತ್ತದೆ. ಆರ್ಕ್ಟಿಕ್ ಬದಲಾವಣೆಗೂ ನಮ್ಮ ಮುಂಗಾರಿಗೂ ನಂಟು ಇದೆಯಾ ಎಂದು ತಿಳಿಯುವುದು ಅದರ ಒಂದು ಉದ್ದೇಶ.

ನಮ್ಮ ಹತ್ತಿರದ ಕಡಲಿನಲ್ಲಿ ಗೋವಾದ ಕಾಂದೋಳಿಂ ಎದುರು 1997ರಿಂದ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಅಳೆಯುತ್ತಿದ್ದಾರೆ. ಮಳೆಗಾಲದಲ್ಲಿ ಪಶ್ಚಿಮ ಕರಾವಳಿಯ ಆಳದಿಂದ ತಣ್ಣನೆಯ, ಆಮ್ಲಜನಕ ಕಡಿಮೆ ಇರುವ ನೀರು ಮೇಲೆ ಬರುತ್ತದೆ. ಅದರ ಏರಿಳಿತ ತಿಳಿಯಲು ಇದು ಬೇಕು. ಬೂತಾಯಿ ಮೀನು ಒಂದು ವರ್ಷ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ಕಣ್ಣಿಗೂ ಕಾಣುವುದಿಲ್ಲ. ಯಾಕೆ ಎಂದು ಕರಾವಳಿಯ ಪ್ರತಿ ಮನೆಯಲ್ಲೂ ಕೇಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಎಂ2ನಂಥ ಮೂವತ್ತು ವರ್ಷದ ದಿನಚರಿ ನಮ್ಮ ಕಡಲಿನ ಎಷ್ಟೋ ಜಾಗಗಳಿಗೆ ಬೇಕು.

ಬೋಯ್ ಮುಟ್ಟಬೇಡಿ ಎಂದು ಮೀನುಗಾರರಿಗೆ ಹೇಳುತ್ತಾರೆ, ಯಾಕೆ?

ತೇಲುವ ವಸ್ತುವಿನ ಅಡಿ ಮೀನು ಸೇರುತ್ತದೆ, ಹಾಗಾಗಿ ದೋಣಿ ಅಲ್ಲಿಗೇ ಹೋಗುತ್ತದೆ. ಅದು ಸಹಜ. ಆದರೆ ದೋಣಿಯನ್ನು ಬೋಯ್‌ಗೆ ಕಟ್ಟಿದರೆ ಸೆನ್ಸರ್ ಮುರಿಯುತ್ತದೆ, ಬಲೆ ಸಿಕ್ಕಿಕೊಂಡರೆ ಎರಡೂ ಹಾಳು. ಭಾರತದ ಬೋಯ್‌ಗಳು ಚಂಡಮಾರುತದ ಮುನ್ಸೂಚನೆಗೂ ಮಾಹಿತಿ ಕೊಡುತ್ತವೆ. ಕಡಲಿಗಿಳಿಯುವವರಿಗೇ ಮೊದಲು ಬೇಕಾದ ಮಾಹಿತಿ ಅದು. ದಯವಿಟ್ಟು ದೂರದಿಂದಲೇ ಹೋಗಿ.

ಎಂ2ಗೆ ಪೆಗ್ಗಿ ಎಂದೂ ಕರೆಯುತ್ತಾರಂತೆ, ಹೌದಾ?

ಹೌದು. ಪೆಗ್ಗಿ ಡೈಸನ್ ಅಲಾಸ್ಕಾದ ಕೋಡಿಯಾಕ್‌ನವರು. 1960ರ ದಶಕದಿಂದ 1990ರ ದಶಕದ ಕೊನೆಯವರೆಗೆ ದಿನಾ ತಮ್ಮ ಮನೆಯಿಂದಲೇ ರೇಡಿಯೋದಲ್ಲಿ ದೋಣಿಗಳಿಗೆ ಹವಾಮಾನ ಓದಿ ಹೇಳುತ್ತಿದ್ದರು. ದೋಣಿಯವರು ತಾವಿರುವ ಕಡೆಯ ಗಾಳಿ, ಅಲೆ ಹೇಗಿದೆ ಎಂದು ಅವರಿಗೆ ತಿರುಗಿ ಹೇಳುತ್ತಿದ್ದರು. ಅವರ ಗಂಡ ಆಸ್ಕರ್ ಡೈಸನ್ ಮೀನುಗಾರ. ಆಸ್ಕರ್ ಹೆಸರಿನಲ್ಲಿ ನೋವಾದ ಒಂದು ಸಂಶೋಧನಾ ಹಡಗಿದೆ. ಎಂ2ನ ಮೂರಿಂಗ್ ಬದಲಿಸಲು ಹೋಗುವ ಹಡಗುಗಳಲ್ಲಿ ಅದೂ ಒಂದು.

ಈ ಅಳತೆಗಳನ್ನು ನಾನೂ ನೋಡಬಹುದಾ?

ಖಂಡಿತ. ಸಾರ್ವಜನಿಕವಾಗಿ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ. ಎಂ2ನ ಉಷ್ಣತೆಯ ಚಿತ್ರದಿಂದ ಶುರು ಮಾಡಿ. ಅಡ್ಡಕ್ಕೆ ಕಾಲ, ಉದ್ದಕ್ಕೆ ಆಳ, ತಣ್ಣಗಿದ್ದರೆ ನೀಲಿ, ಬೆಚ್ಚಗಿದ್ದರೆ ಕೆಂಪು. ಮೊದಲು ಮಂಜುಗಡ್ಡೆ ತುಂಬ ಜಾಸ್ತಿ ಇದ್ದ 2012ನ್ನೂ ಹೆಚ್ಚುಕಡಿಮೆ ಇಲ್ಲದ 2018ನ್ನೂ ಪಕ್ಕಪಕ್ಕ ಇಟ್ಟು ತಳದ ಬಣ್ಣ ನೋಡಿ. ಆಮೇಲೆ ನಿಧಾನವಾಗಿ 1995ಕ್ಕೆ ಹಿಂದೆ ಹೋಗಿ.